ಅತ್ತೆಯ ಬೆನ್ನೂ ಗೀರುಗೋಡೆಯೂ

ಅತ್ತೆ ಮನೆ ಬಿಟ್ಟು ಹೋದರೆ ಸೊಸೆಯಾದವಳು ಏನು ಮಾಡಬೇಕು? ಲೋಕಾರೂಢಿಯ ಪ್ರಕಾರ ಬಾಗಿಲು ಹಾಕಿಕೊಂಡು ಒಂದು ಸುತ್ತು ಕುಣಿಯಬೇಕು. ಆಮೇಲೆ ಉಸಿರು ಸರಿಮಾಡಿಕೊಂಡು ಹೊರಗೆ ಬಂದು, ಅಕ್ಕಪಕ್ಕದವರ ಮುಂದೆ ಕಣ್ಣೊರೆಸಿಕೊಳ್ಳಬೇಕು. ನಮ್ಮ ದೊಡ್ಡ ಸೊಸೆ ಇದನ್ನು ತಿರುವುಮುರುವು ಮಾಡಿದಳು. ಅಕ್ಕಪಕ್ಕದವರ ಮುಂದೆ ಹಲ್ಲು ಕಿರಿದು ನಿಂತಿದ್ದು, ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಅತ್ತೆ ಹೋದದ್ದು ಬಹಳ ದೂರವೇನಲ್ಲ, ಮಹಡಿಗೆ. ಕೆಳಗಿನ ಮನೆ ದೊಡ್ಡ ಮಗನದು, ಮೇಲಿನದು ಚಿಕ್ಕ ಮಗನದು, ನಡುವೆ ಒಂದು ಕಿರಿದಾದ ಮೆಟ್ಟಿಲು. ದೊಡ್ಡ ಸೊಸೆ ಮದುವೆಯಾಗಿ ಬಂದಾಗಿನಿಂದ ಅತ್ತೆ ಇದ್ದದ್ದು ಕೆಳಗೆ, ಹಾಲಿನ ಕಿಟಕಿಯ ಪಕ್ಕ, ಒಂದು ಬೆತ್ತದ ಆರಾಮಕುರ್ಚಿಯಲ್ಲಿ. ಆ ಸಿಂಹಾಸನದಲ್ಲಿ ಕೂತರೆ ಅಡುಗೆಮನೆ, ಬಚ್ಚಲು, ಹಿತ್ತಿಲು, ಬೀದಿಬಾಗಿಲು ಎಲ್ಲವೂ ಕಾಣುತ್ತಿದ್ದವು. ಕಂಡದ್ದಕ್ಕೆಲ್ಲ ಅತ್ತೆಯ ಬಳಿ ಒಂದು ಮಾತು ಸಿದ್ಧವಾಗಿರುತ್ತಿತ್ತು.

"ಬಟ್ಟೆ ಒಣಹಾಕೋ ರೀತೀನಾ ಇದು? ಅಂಗಿಗೆ ನೇಣು ಹಾಕಿದ ಹಾಗಿದೆ."

"ಹಾಗಾದ್ರೆ ನೀವೇ ಬಂದು ಇಳಿಸಿ. ಜೀವ ಉಳಿಸಿದ ಪುಣ್ಯ ಬರುತ್ತೆ."

"ಬೀನ್ಸ್ ಹೆಚ್ಚಿದೀಯೋ, ಸೌದೆ ಒಡೆದಿದೀಯೋ?"

"ಸೌದೇನೇ ಅತ್ತೆ. ಹಲ್ಲಿರೋರು ತಿಂತಾರೆ ಬಿಡಿ."

ಹೀಗೆ ಬೆಳಗಿನಿಂದ ಸಂಜೆಯವರೆಗೆ. ಅತ್ತೆ ಮೊಸರಿನಲ್ಲಿ ಕಲ್ಲು ಹುಡುಕುವವರು, ಸೊಸೆ ಆ ಕಲ್ಲನ್ನೇ ಎತ್ತಿ ವಾಪಸು ಎಸೆಯುವವಳು. ಇಬ್ಬರಿಗೂ ಇದರಿಂದ ಅನ್ನ ಚೆನ್ನಾಗಿ ಜೀರ್ಣವಾಗುತ್ತಿತ್ತು. ಒಂದು ದಿನ ಅತ್ತೆಗೆ ಗಂಟಲು ಕಟ್ಟಿ ಮಾತು ಹೊರಡದೆ ಹೋದಾಗ ಸೊಸೆಗೆ ಏನೂ ತೋಚದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಿದ್ದಳು.

ಇನ್ನು ಅವಳ ಗಂಡ. ಬೀದಿಯ ಕೊನೆಯಲ್ಲಿ ಅವನದು ಕನ್ನಡಕದ ಅಂಗಡಿ. ಬೀದಿಗೆಲ್ಲ ಅವನು ಕನ್ನಡಕದವರು. ಊರಿಗೆಲ್ಲ ಕಣ್ಣು ಕೊಡುವ ಈ ಮಹಾನುಭಾವನಿಗೆ ಮನೆಯೊಳಗೆ ಏನೂ ಕಾಣುತ್ತಿರಲಿಲ್ಲ. ಹೆಂಡತಿ ತಲೆಗೂದಲು ಅರ್ಧಕ್ಕರ್ಧ ಕತ್ತರಿಸಿಕೊಂಡು ಬಂದು ಎದುರಿಗೆ ನಿಂತರೆ, "ಯಾಕೆ, ಇವತ್ತು ಫ್ಯಾನು ಜೋರಾಗಿದೆಯಾ?" ಎಂದು ಕೇಳುವ ಪೈಕಿ. ಆ ಮನೆಯಲ್ಲಿ ಅವಳನ್ನು ದಿನವಿಡೀ ಕಣ್ಣಿಟ್ಟು ನೋಡುತ್ತಿದ್ದವರು ಅತ್ತೆ ಒಬ್ಬರೇ. ಬೈಯಬೇಕಾದರೆ ನೋಡಲೇಬೇಕಲ್ಲ! ಅಂಥ ಅತ್ತೆ ಹೋಗಿಬಿಟ್ಟರು. ಅವರನ್ನು ಎಳೆದುಕೊಂಡು ಹೋದದ್ದು ಒಂದು ಗೋಡೆ.

ನಡೆದದ್ದು ಇಷ್ಟು. ಚಿಕ್ಕ ಸೊಸೆ ತನ್ನ ಹಾಲಿನ ಗೋಡೆಗಳಿಗೆ ಬೀಡ್‌ಬೋರ್ಡ್ ಹಾಕಿಸಿದಳು. ಅಂದರೆ, ನೆಲದಿಂದ ಎದೆಯೆತ್ತರದವರೆಗೆ ಗೋಡೆಯನ್ನು ಮುಚ್ಚುವ ಮರದ ಹಲಗೆಗಳು. ಒಂದೊಂದು ಹಲಗೆಯ ಮೇಲೂ ಉದ್ದುದ್ದಕ್ಕೆ ಗೀರುಗಳು, ಎರಡು ಗೀರಿನ ನಡುವೆ ತೆಳ್ಳನೆಯ ಉಬ್ಬು, ಎಲ್ಲದಕ್ಕೂ ಮೇಲೆ ಟೋಪಿಯ ಹಾಗೆ ಒಂದು ಅಡ್ಡಪಟ್ಟಿ. ಬಂದವರೆಲ್ಲ "ಆಹಾ, ಮನೆ ಎಷ್ಟು ಬೆಚ್ಚಗೆ ಕಾಣುತ್ತೆ" ಎಂದರು. ದೊಡ್ಡ ಸೊಸೆ ಮಾತ್ರ "ಹೂಂ, ಪೆಟ್ಟಿಗೆಯೊಳಗೆ ಕೂತ ಹಾಗಿದೆ" ಎಂದು ಮೆಟ್ಟಿಲಿಳಿದು ಬಂದಳು. ಅಲ್ಲಿಯವರೆಗೆ ಅದು ಸಾಧಾರಣ ಹೊಟ್ಟೆಕಿಚ್ಚು. ನೀರು ಕುಡಿದರೆ ಹೋಗುವಂಥದ್ದು.

ಮರುದಿನ ಅತ್ತೆ, "ನಾನೂ ಒಂದು ಸಲ ನೋಡಿ ಬರ್ತೀನಿ, ಏನೇನು ಅವಾಂತರ ಮಾಡಿದಾಳೋ" ಎಂದು ಮೇಲೆ ಹತ್ತಿದರು. ಇಲ್ಲಿ ಅತ್ತೆಯ ಬೆನ್ನಿನ ವಿಷಯ ಹೇಳಬೇಕು. ಆ ಬೆನ್ನಿನ ನಟ್ಟನಡುವೆ, ಯಾವ ಕೈಯೂ ಮುಟ್ಟಲಾರದ ಒಂದು ಜಾಗದಲ್ಲಿ, ಬಹುಕಾಲದಿಂದ ಒಂದು ತುರಿಕೆ ಮನೆಮಾಡಿಕೊಂಡಿತ್ತು. ಡಾಕ್ಟರ ಮುಲಾಮಿಗೆ ಅದು ಜಗ್ಗಿರಲಿಲ್ಲ. ಸೌಟಿನ ಹಿಡಿ, ಬಾಚಣಿಗೆ, ಬಾಗಿಲ ಚೌಕಟ್ಟು ಎಲ್ಲವೂ ಸೋತಿದ್ದವು. ತುರ್ತು ಸಂದರ್ಭಗಳಲ್ಲಿ ದೊಡ್ಡ ಸೊಸೆಯ ಉಗುರನ್ನೇ ಕರೆಯುತ್ತಿದ್ದರು. "ಸ್ವಲ್ಪ ಮೇಲೆ. ಅಯ್ಯೋ, ಅಷ್ಟು ಮೇಲಲ್ಲ. ಎಡಕ್ಕೆ. ನಿನ್ನ ಎಡ ಅಲ್ಲ ಕಣೇ, ನನ್ನ ಎಡ! ನಿನಗೆ ಬೆನ್ನು ಯಾವುದು ಅಂತಾನೂ ಗೊತ್ತಿಲ್ಲ."

ಮೇಲೆ ಹೋದ ಅತ್ತೆ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು, ತಪ್ಪು ಹುಡುಕುವ ಮುನ್ನ ದಣಿವಾರಿಸಿಕೊಳ್ಳೋಣವೆಂದು ಗೋಡೆಗೆ ಒರಗಿದರು. ಒರಗಿದವರು ಒಂದು ಸಲ ಆ ಕಡೆಗೆ ಸರಿದರು, ಇನ್ನೊಂದು ಸಲ ಈ ಕಡೆಗೆ. ಕಣ್ಣು ತಾನಾಗಿ ಮುಚ್ಚಿತು. "ಅಬ್ಬಬ್ಬಬ್ಬಾ..." ಎಂಬ ಉದ್ಗಾರ ಮೆಟ್ಟಿಲಿಳಿದು ಕೆಳಗಿನ ಅಡುಗೆಮನೆಗೂ ಬಂತು. ಅಂದು ಸಂಜೆ ಚಿಕ್ಕ ಮಗ ಬಂದು, ಅತ್ತಿಗೆಯ ಮುಖ ನೋಡದೆ, ಬೆತ್ತದ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಹೋದ.

ದೊಡ್ಡ ಸೊಸೆ ಮೊದಮೊದಲು ಸಮಾಧಾನ ಮಾಡಿಕೊಂಡಳು. ಹೋಗಲಿ, ಕಾಟ ತಪ್ಪಿತು, ಇನ್ನು ಅಂಗಿಯನ್ನು ತಲೆಕೆಳಗಾಗಿಯಾದರೂ ಒಣಗಿಸಬಹುದು ಅಂದುಕೊಂಡಳು. ಒಣಗಿಸಿದಳು. ಯಾರೂ ಏನೂ ಅನ್ನಲಿಲ್ಲ. ಬೀನ್ಸನ್ನು ನಿಜಕ್ಕೂ ಸೌದೆಯಷ್ಟು ದಪ್ಪ ಹೆಚ್ಚಿದಳು. ಗಂಡ ಸುಮ್ಮನೆ ಅಗಿದು ನುಂಗಿ ಅಂಗಡಿಗೆ ಹೋದ. ಮನೆ ಗವ್ವೆನ್ನತೊಡಗಿತು.

ಆಗ ಮೇಲಿನಿಂದ ಆ ದನಿ ಕೇಳಿಸಿತು. "ಇದೇನು ಕಸ ಗುಡಿಸೋದೋ, ಕಸಕ್ಕೆ ಊರು ತೋರಿಸೋದೋ?"

ದೊಡ್ಡ ಸೊಸೆ ನಿಂತಲ್ಲೇ ನಿಂತಳು. ಇದು ಹೊಚ್ಚಹೊಸ ಮಾತು! ಇಷ್ಟು ವರ್ಷ ತನಗೆ ಅತ್ತೆ ಒಮ್ಮೆಯೂ ಹೀಗೆ ಬೈದಿರಲಿಲ್ಲ. ತನಗೆ ಹಳೆಯದನ್ನೇ ತಿರುಗಿಸಿ ಮುರುಗಿಸಿ ಕೊಟ್ಟು, ಅವಳಿಗೆ ಹೊಸದಾಗಿ ಕಟ್ಟಿ ಕೊಡುತ್ತಿದ್ದಾರೆ! ಹೊಟ್ಟೆಯೊಳಗೆ ಯಾರೋ ಒಲೆ ಹೊತ್ತಿಸಿದ ಹಾಗಾಯಿತು. ಸೂರಿನ ಜೇಡರಬಲೆ ತೆಗೆಯುವ ನೆಪದಲ್ಲಿ ಕುರ್ಚಿ ಹತ್ತಿ, ಉದ್ದನೆಯ ಪೊರಕೆ ಹಿಡಿದು, ಚಾವಣಿಗೆ ಕಿವಿಕೊಟ್ಟಳು. ಆ ವಾರ ಆ ಮನೆಯ ಚಾವಣಿ ಕಂಡಷ್ಟು ಪೊರಕೆಯನ್ನು ನೆಲವೂ ಕಂಡಿರಲಿಕ್ಕಿಲ್ಲ.

ಇದರ ಮೇಲೆ ಚಿಕ್ಕ ಸೊಸೆ ಕೆಳಗಿಳಿದು ಬಂದು ಗೋಳು ಹೇಳಿಕೊಂಡಳು. ಪಾಪದ ಹುಡುಗಿ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಕೆಲಸವೊಂದೂ ಕೈಗೆ ಹತ್ತಿರಲಿಲ್ಲ.

"ಅಕ್ಕಾ, ನೀವು ಹೇಗೆ ತಡ್ಕೊಂಡ್ರಿ? ಬೆಳಗ್ಗೆ ಎದ್ದಾಗಿಂದ ಬೈತಾರೆ."

"ಏನಂತ ಬೈತಾರೆ?" ದೊಡ್ಡ ಸೊಸೆ ಹತ್ತಿರ ಸರಿದು ಕೂತಳು.

"ನಿನ್ನೆ ನಾನು ಹಾಸಿಗೆ ಸುತ್ತಿಟ್ಟದ್ದು ನೋಡಿ, 'ಇದರೊಳಗೆ ನಿನ್ನ ಗಂಡ ಇದಾನಾ ನೋಡು, ಬೆಳಗಿಂದ ಕಾಣ್ತಿಲ್ಲ' ಅಂದ್ರು."

"ಅಷ್ಟೇನಾ? ನನಗೆ ಇದಕ್ಕಿಂತ ಜಾಸ್ತಿ ಅಂದಿದಾರೆ."

"ದಿನಕ್ಕೆ ಎಷ್ಟು ಸಲ ಅಂತೀರಾ ಅಕ್ಕಾ! ಊಟ ಮಾಡ್ತಾನೂ ಬಿಡಲ್ಲ."

"ನೋಡಮ್ಮ, ಜಂಬ ಕೊಚ್ಚಿಕೊಳ್ಳಬೇಡ," ಎಂದು ದೊಡ್ಡ ಸೊಸೆ ಎದ್ದು ಒಳಗೆ ಹೋದಳು.

ಅಂದು ಪತಿರಾಯರು ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ಹೆಂಡತಿ ತನ್ನ ರಾಜತಾಂತ್ರಿಕ ನಿರ್ಣಯವನ್ನು ಪ್ರಕಟಿಸಿದಳು.

"ರೀ, ನಮ್ಮ ಹಾಲಿಗೂ ಬೀಡ್‌ಬೋರ್ಡ್ ಹಾಕಿಸಬೇಕು."

"ಗೋಡೆ ಇದೆಯಲ್ಲ. ಗೋಡೆಗೆ ಇನ್ನೊಂದು ಗೋಡೆ ಯಾಕೆ?"

"ಕಣ್ಣಿದೆಯಲ್ಲ. ಕಣ್ಣಿಗೆ ಇನ್ನೊಂದು ಕಣ್ಣು ಯಾಕೆ ಮಾರ್ತೀರಿ ನೀವು?"

ಕನ್ನಡಕದವರು ತುತ್ತು ಬಾಯಿಯ ಹತ್ತಿರ ಹಿಡಿದು ಯೋಚಿಸಿದರು. ಈ ಪ್ರಶ್ನೆಯಲ್ಲಿ ತಮ್ಮ ಜೀವನೋಪಾಯದ ಬುಡಕ್ಕೇ ಕೊಡಲಿಯಿದೆ ಎಂದು ಅವರಿಗೆ ಹೊಳೆಯಿತು. "ಹಾಕಿಸು," ಎಂದರು. (ಹೆಂಡತಿಯ ಜೊತೆ ವಾದದಲ್ಲಿ ಗೆದ್ದ ಗಂಡಂದಿರು ಇದ್ದಾರೆ ಎಂದು ಕೇಳಿದ್ದೇನೆ. ಊಟ ಎಲ್ಲಿ ಮಾಡುತ್ತಾರೋ ತಿಳಿಯದು.)

ಇನ್ನು ಅಳತೆಯ ಪ್ರಶ್ನೆ. ಗೀರು ಮೇಲಿನದಕ್ಕಿಂತ ಒಂದು ಕೂದಲೆಳೆಯಾದರೂ ಆಳವಾಗಿರಬೇಕು, ಒಂದು ಗುಲಗಂಜಿಯಷ್ಟಾದರೂ ಒತ್ತಾಗಿರಬೇಕು. ಆಗ ಮಾತ್ರ ಆ ಬೆನ್ನು ಪಕ್ಷಾಂತರ ಮಾಡೀತು. ಆದರೆ ಮೇಲೆ ಹೋಗಿ ಟೇಪು ಹಿಡಿದರೆ ಗುಟ್ಟು ರಟ್ಟಾಗುತ್ತದೆ. ಅವಳು ಒಂದು ಉಂಡೆ ಗೋಧಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅಂಗೈಯಲ್ಲಿ ಮುಚ್ಚಿಕೊಂಡು, ಸೂಜಿ ಕೇಳುವ ನೆಪದಲ್ಲಿ ಮೆಟ್ಟಿಲು ಹತ್ತಿದಳು. ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಚಿಕ್ಕ ಸೊಸೆ ಸೂಜಿ ಹುಡುಕಲು ಒಳಗೆ ಹೋದಳು. ದೊಡ್ಡ ಸೊಸೆ ಪೆಟ್ಟಿಗೆಯ ಬೀಗದ ಅಚ್ಚು ತೆಗೆಯುವ ಕಳ್ಳನ ಹಾಗೆ, ಹಿಟ್ಟಿನ ಉಂಡೆಯನ್ನು ಗೋಡೆಗೆ ಒತ್ತಿ ಅಚ್ಚು ತೆಗೆದುಕೊಂಡಳು. ಸೂಜಿಯನ್ನು ಅಲ್ಲೇ ಮರೆತು ಬಂದಳು.

ಅಚ್ಚು ಹಿಡಿದುಕೊಂಡು ಬಡಗಿಯ ಅಂಗಡಿಗೆ ನಡೆದಳು. ಬಡಗಿ ಮೇಸ್ತ್ರಿ ಒಬ್ಬ ಮಾತಿನ ಮಲ್ಲ. ಕೈಯಲ್ಲಿ ಉಳಿ ಹಿಡಿದರೂ ಬಾಯಲ್ಲಿ ಸುತ್ತಿಗೆ ಇಟ್ಟುಕೊಂಡವನು.

"ಮೇಸ್ತ್ರಿ, ಇದೇ ಥರ ಗೀರು ಬೇಕು. ಆದ್ರೆ ಇದಕ್ಕಿಂತ ಆಳ."

ಮೇಸ್ತ್ರಿ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಿಸಿಲಲ್ಲಿ ಬಂದದ್ದಕ್ಕೋ, ಮುಷ್ಟಿಯ ಶಾಖಕ್ಕೋ, ಹಿಟ್ಟು ಮೆತ್ತಗಾಗಿ ಗೀರೆಲ್ಲ ಮುಚ್ಚಿಹೋಗಿತ್ತು.

"ಇದರಲ್ಲಿ ಗೀರು ಎಲ್ಲಿದೆ ತಾಯಿ? ನಿಮ್ಮ ಕೈರೇಖೆ ಮಾತ್ರ ಕಾಣ್ತಾ ಇದೆ. ಆಯುಷ್ಯ ಗಟ್ಟಿಯಾಗಿದೆ ಬಿಡಿ."

ಅವನು ಗೋಡೆಗೆ ಸಾಲಾಗಿ ಒರಗಿಸಿದ್ದ ಮಾದರಿ ಹಲಗೆಗಳನ್ನು ತೋರಿಸಿದ. ಒಂದರ ಗೀರು ಅಗಲ, ಒಂದರದು ಸಣ್ಣ, ಒಂದರದು ಎರಡೆರಡು ಜೊತೆ. ಕಣ್ಣಲ್ಲಿ ನೋಡಿ ಹೇಗೆ ಹೇಳುವುದು? ಇದು ಕಣ್ಣಿನ ವ್ಯವಹಾರವೇ ಅಲ್ಲವಲ್ಲ. ದೊಡ್ಡ ಸೊಸೆ ಬೀದಿಯ ಕಡೆ ಒಮ್ಮೆ ನೋಡಿದಳು, ಮೇಸ್ತ್ರಿಯ ಕಡೆ ಒಮ್ಮೆ ನೋಡಿದಳು, ತಿರುಗಿ ನಿಂತು ಮೊದಲನೆಯ ಹಲಗೆಗೆ ಬೆನ್ನು ಕೊಟ್ಟು ಆ ಕಡೆ ಈ ಕಡೆ ಉಜ್ಜಿದಳು.

"ಇದು ಜಾಸ್ತಿ ನುಣುಪು," ಎಂದು ಎರಡನೆಯದಕ್ಕೆ ಸರಿದಳು.

"ತಾಯಿ, ನಮ್ಮ ಬೀದಿ ಮೂಲೇಲಿ ಚರ್ಮದ ಡಾಕ್ಟರು ಇದಾರೆ..."

"ಸುಮ್ನಿರಪ್ಪ. ಇದು ಪರವಾಗಿಲ್ಲ. ಸ್ವಲ್ಪ ಅದನ್ನ ಈ ಕಡೆ ಸರಿಸು."

ಅದೇ ಹೊತ್ತಿಗೆ, ಎದುರು ಸಾಲಿನ ಕನ್ನಡಕದ ಅಂಗಡಿಯಲ್ಲಿ ಒಬ್ಬ ಗಿರಾಕಿ ಹೊಸ ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ದೂರದ್ದು ಚೆನ್ನಾಗಿ ಕಾಣುತ್ತಾ?" ಎಂದು ಕನ್ನಡಕದವರು ಕೇಳಿದರು.

"ಬಹಳ ಚೆನ್ನಾಗಿ ಕಾಣ್ತಿದೆ ಸ್ವಾಮಿ. ಬಡಗಿ ಅಂಗಡೀಲಿ ನಿಮ್ಮ ಮನೆಯವರು ಹಲಗೆಗೆ ಬೆನ್ನು ಉಜ್ಜಿಕೊಳ್ತಿದಾರೆ."

ಕನ್ನಡಕದವರು ಬೀದಿಯ ಕಡೆ ತಿರುಗಿಯೂ ನೋಡಲಿಲ್ಲ. "ಹಾಗಾದ್ರೆ ನಂಬರು ಜಾಸ್ತಿ ಆಗಿದೆ. ಕೊಡಿ ಇಲ್ಲಿ, ಸ್ವಲ್ಪ ಕಡಿಮೆ ಮಾಡೋಣ," ಎಂದರು.

ಕೊನೆಗೆ ಗೀರು ಆಳವಾದ, ಉಬ್ಬು ಒತ್ತಾದ ಒಂದು ಹಲಗೆ ಬೆನ್ನುಪರೀಕ್ಷೆಯಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾಯಿತು. ಕೆಲಸ ಶುರುವಾಯಿತು. ಹಾಲಿನ ಸಾಮಾನೆಲ್ಲ ಹೊರಗೆ ಬಂತು. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ಬಾಯೊಳಗೆ ಹೋಗಿ ಕೂರುತ್ತಿತ್ತು. ಮೇಸ್ತ್ರಿ ಟಕಟಕ ಬಡಿಯುತ್ತಿದ್ದರೆ ದೊಡ್ಡ ಸೊಸೆಗೆ ಅದು ಯುದ್ಧದ ನಗಾರಿಯಂತೆ ಕೇಳಿಸುತ್ತಿತ್ತು. ಮೇಲಿನವರಿಗೆ ಕೇಳಲಿ ಎಂದು, "ಇನ್ನೂ ಜೋರಾಗಿ ಹೊಡಿ" ಎಂದು ಹೇಳುತ್ತಿದ್ದಳು.

ಹಲಗೆ ಮುಗಿದ ಮೇಲೆ ಬಣ್ಣದವನು ಬಂದ. ಇಲ್ಲಿ ದೊಡ್ಡ ಸೊಸೆಯ ಬುದ್ಧಿ ಹುಲ್ಲು ಮೇಯಲು ಹೋಯಿತು. ಮೇಲಿನ ಹಲಗೆಗೆ ಮಂಕುಬಿಳಿ ಬಣ್ಣ. ತನ್ನದು ಫಳಫಳ ಹೊಳೆಯಬೇಕು. ಮೇಲೆ ಅಲ್ಲಲ್ಲಿ ಮೊಳೆಯ ಗುರುತು ಕಾಣುತ್ತದೆ. ತನ್ನಲ್ಲಿ ಒಂದೂ ಕಾಣಬಾರದು.

"ಎಲ್ಲೂ ಒಂದು ತೂತು, ಒಂದು ಸಂದು ಕಾಣಬಾರದಪ್ಪ. ಕೈಯಾಡಿಸಿದ್ರೆ ಕನ್ನಡಿ ಥರ ಇರಬೇಕು."

"ಪುಟ್ಟಿ ಮೆತ್ತಿ ಉಜ್ಜಲಾ ಅಮ್ಮ?"

"ಮೆತ್ತು. ಚೆನ್ನಾಗಿ ಮೆತ್ತು."

"ಇನ್ನೊಂದು ಕೋಟು ಹೊಡೀಲಾ?"

"ಕೇಳೋದೇನು? ಹೊಡಿ!"

ಅವನಿಗೇನು, ಬ್ರಷ್ಷು ಅವನ ಕೈಯಲ್ಲಿತ್ತು, ಬಾಯಿ ಇವಳದಾಗಿತ್ತು. ಬಣ್ಣ ಒಣಗಿದ ಮೇಲೆ ಹಾಲು ಹೊಳೆಯಿತೆಂದರೆ, ಒಳಗೆ ಕಾಲಿಟ್ಟವರು ಗೋಡೆಯಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಳ್ಳಬಹುದಿತ್ತು. ದೊಡ್ಡ ಸೊಸೆ ತನ್ನ ಪ್ರತಿಬಿಂಬವನ್ನು ನೋಡಿ ಒಮ್ಮೆ ನಕ್ಕಳು. ಯಾವುದಕ್ಕಾಗಿ ಇಷ್ಟೆಲ್ಲ ಆಯಿತೋ ಅದನ್ನು ಆ ಗಳಿಗೆಯಲ್ಲಿ ಅವಳು ಪೂರ್ತಿ ಮರೆತಿದ್ದಳು.

ಅತ್ತೆಗೆ ಆಹ್ವಾನ ಹೋಯಿತು. ಅತ್ತೆ ಇಳಿದು ಬಂದರು. ಬಾಗಿಲಲ್ಲಿ ನಿಂತು ಸುತ್ತಲೂ ನೋಡಿದರು. ದೊಡ್ಡ ಸೊಸೆ ಎದೆ ಗಟ್ಟಿಮಾಡಿಕೊಂಡಳು. ಉತ್ತರಗಳನ್ನೂ ನಾಲಿಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡಿದ್ದಳು. "ಇದೇನು, ಹಾಲೋ, ಆಸ್ಪತ್ರೆಯೋ?" ಎಂದರೆ ಇಂಥ ಉತ್ತರ. "ಹೊಳಪಿಗೆ ಕಣ್ಣು ಹೋಗುತ್ತೆ" ಎಂದರೆ, "ನಿಮ್ಮ ಮಗನ ವ್ಯಾಪಾರ ಬೆಳೆಯುತ್ತೆ."

"ಬಹಳ ಚೆನ್ನಾಗಿದೆಯಮ್ಮ," ಎಂದರು ಅತ್ತೆ.

ದೊಡ್ಡ ಸೊಸೆಯ ಕಿವಿ ಗುಂಯ್‌ಗುಟ್ಟಿತು. ಅಮ್ಮ! 'ಕಣೇ' ಹೋಯಿತು, 'ಹೇಳ್ತೀನಿ ಕೇಳು' ಹೋಯಿತು. ಮದುವೆಮನೆಯಲ್ಲಿ ಗುರುತಿಲ್ಲದ ಹೆಂಗಸನ್ನು ಮಾತಾಡಿಸುವ ಹಾಗೆ ಅಮ್ಮ!

ಅತ್ತೆ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದರು. ಎಡಕ್ಕೆ ಸರಿದರು. ಬೆನ್ನು ಹಿಡಿತವಿಲ್ಲದೆ ಸರ್ರನೆ ಜಾರಿ, ಅವರು ವಾರೆಯಾಗಿ, ಕನ್ನಡಕದವರು ಓಡಿ ಬಂದು ಹಿಡಿಯುವಷ್ಟರಲ್ಲಿ ಕಿಟಕಿಯ ಪರದೆಗೆ ನೇತುಬಿದ್ದಿದ್ದರು. ಅತ್ತೆ ಎದ್ದು ಬಟ್ಟೆ ಕೊಡವಿಕೊಂಡರು. ಈಗಲಾದರೂ ಬೈಯಬಹುದಿತ್ತು. ಬೈಯಲಿಲ್ಲ. "ಕಷ್ಟಪಟ್ಟು ಮಾಡಿಸಿದೀಯ. ಬರ್ತೀನಮ್ಮ," ಎಂದು ಮೆಟ್ಟಿಲು ಹತ್ತಿದರು. ಹತ್ತು ನಿಮಿಷದಲ್ಲಿ ಮೇಲಿನಿಂದ, "ಒಲೆ ಮೇಲೆ ಪಾತ್ರೆ ಇಟ್ಟು ಇಲ್ಲಿ ನಿಂತು ಏನೇ ಕನಸು ಕಾಣ್ತೀಯಾ?" ಎಂದು ದನಿ ಕೇಳಿಸಿತು. ಆ ದನಿಯಲ್ಲಿ ಎಂಥ ಆತ್ಮೀಯತೆ! ದೊಡ್ಡ ಸೊಸೆ ಕೆಳಗೆ ಕೂತು ಬಿಕ್ಕಿದಳು.

"ಯಾಕೆ ಅಳ್ತೀಯಾ? ಚೆನ್ನಾಗಿದೆ ಅಂದರಲ್ಲ," ಎಂದ ಗಂಡ.

"ಅದಕ್ಕೇ ಅಳ್ತಿರೋದು!" ಎಂದಳು.

ಅತ್ತ ಕಣ್ಣಿಗೆ ಸತ್ಯ ಚೆನ್ನಾಗಿ ಕಾಣುತ್ತದೆ. ಪುಟ್ಟಿಯೂ ಬಣ್ಣವೂ ಸೇರಿ ಗೀರುಗಳನ್ನೆಲ್ಲ ನುಂಗಿ ನೀರು ಕುಡಿದಿದ್ದು ಆಗ ಕಂಡಿತು. ಗೀರಿದ್ದ ಕಡೆ ಒಂದು ಮಸುಕು ಗೆರೆ ಮಾತ್ರ ಉಳಿದಿತ್ತು. ಬೆಣ್ಣೆ ಸವರಿದ ಬ್ರೆಡ್ಡೂ ಅದಕ್ಕಿಂತ ಒರಟಾಗಿರುತ್ತದೆ. ಬಣ್ಣದವನನ್ನು ಕರೆಸಿದರೆ ಮಾನ ಹೋಗುತ್ತದೆ. ಅವಳು ಗಂಡನ ಅಂಗಡಿಯ ಪೆಟ್ಟಿಗೆಯಿಂದ, ಕನ್ನಡಕದ ತಿರುಪು ಬಿಗಿಯುವ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರನ್ನು ಎತ್ತಿಕೊಂಡು ಬಂದು, ಗೋಡೆಯ ಮೂಲೆಯಲ್ಲಿ ಕೂತು, ಒಂದೊಂದೇ ಗೀರನ್ನು ಕೆರೆದು ತೆಗೆಯತೊಡಗಿದಳು.

ಕರ್ರ್, ಕರ್ರ್, ಕರ್ರ್. ಬೆರಳು ಬಾತುಕೊಂಡಿತು. ಬಣ್ಣದ ಚೂರು ತಲೆಗೂದಲಲ್ಲಿ, ಮೂಗಿನಲ್ಲಿ, ಉಪ್ಪಿನ ಡಬ್ಬಿಯಲ್ಲಿ ಸೇರಿತು. ಅತ್ತ ಅಂಗಡಿಯಲ್ಲಿ ಕನ್ನಡಕಗಳೆಲ್ಲ ಕಾಲು ಕಳಚಿಕೊಂಡು ಮೇಜಿನ ಮೇಲೆ ಬಿದ್ದಿದ್ದವು, ಗಿರಾಕಿಗಳು ಮೂಗಿನ ಮೇಲೆ ಗಾಜು ಹಿಡಿದುಕೊಂಡು ಮನೆಗೆ ನಡೆದರು. ಕನ್ನಡಕದವರು ಊಟಕ್ಕೆ ಬಂದಾಗ ಹೆಂಡತಿ ಗೋಡೆ ಕೆರೆಯುತ್ತಿರುವುದನ್ನು ಕಂಡರು. ಅವರ ಕಣ್ಣಿಗೆ ಮನೆಯಲ್ಲಿ ಏನಾದರೂ ಬಿದ್ದದ್ದು ಇದೇ ಮೊದಲು. ಕಂಡದ್ದು ಹೆಂಡತಿಯಲ್ಲ, ಸ್ಕ್ರೂಡ್ರೈವರು. "ಓ, ಇಲ್ಲಿದೆಯಾ ಅದು!" ಎಂದರು.

"ಮುಟ್ಟಿದ್ರೆ ನೋಡಿ," ಎಂದಳು. ಅವರು ಮುಟ್ಟಲಿಲ್ಲ.

ಕೊನೆಯ ಗೋಡೆ ಅರ್ಧ ಮುಗಿದಿದ್ದಾಗ, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅತ್ತೆ ತಾವಾಗಿಯೇ ಇಳಿದು ಬಂದಿದ್ದರು.

"ಏನದು ಕರಕರ? ಮನೇಲಿ ಹೆಗ್ಗಣ ಸೇರಿದೆಯಾ ಅಂತ ನೋಡೋಕೆ ಬಂದೆ."

"ನಾನೇ ಅತ್ತೆ," ಎಂದು ಸೊಸೆ ಎದ್ದು ನಿಂತಳು. ಹೆಗ್ಗಣ ಎಂದು ಕರೆಸಿಕೊಂಡದ್ದಕ್ಕೆ ಅವಳ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಗೋಡೆ ನೋಡಿದರೆ ದೇವರಿಗೇ ಪ್ರೀತಿ. ಎಲ್ಲಿ ನೋಡಿದರೂ ಕಿತ್ತ ಬಣ್ಣ, ಎದ್ದ ಸಿಬಿರು. ಅತ್ತೆ ಸ್ಟೂಲು ಎಳೆದುಕೊಂಡು ಕೂತು ಒರಗಿದರು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ. ಕಿತ್ತ ಬಣ್ಣದ ಅಂಚು, ಮರದ ಉಬ್ಬು, ಆಳವಾದ ಗೀರು ಮೂರೂ ಒಟ್ಟಿಗೆ ಆ ಹಳೆಯ ತುರಿಕೆಯ ಮೇಲೆ ದಾಳಿ ಮಾಡಿದವು.

"ಅಯ್ಯಯ್ಯಯ್ಯೋ... ಅಲ್ಲೇ, ಅಲ್ಲೇ... ಅಬ್ಬಬ್ಬಾ!" ಅತ್ತೆಯ ಕಣ್ಣಲ್ಲಿ ನೀರು ಬಂತು. "ಮೇಲಿನದು ಇದರ ಕಾಲ ಧೂಳಿಗೂ ಸಮ ಇಲ್ಲ ಕಣೇ!"

ಕಣೇ! ದೊಡ್ಡ ಸೊಸೆಗೆ ಕೈಯಲ್ಲಿದ್ದ ಸ್ಕ್ರೂಡ್ರೈವರು ರಾಜದಂಡದ ಹಾಗೆ ಕಂಡಿತು. ಅಂದೇ ಚಿಕ್ಕ ಮಗ ಬೆತ್ತದ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಕೆಳಗಿಳಿದ. ಆ ರಾತ್ರಿ ಅವಳು ಬೀನ್ಸನ್ನು ಬೇಕೆಂದೇ ದಪ್ಪಗೆ ಹೆಚ್ಚಿಟ್ಟು, ನಾಳೆಯ ಬೈಗುಳದ ಕನಸು ಕಾಣುತ್ತಾ ನಿದ್ದೆಹೋದಳು.

ಬೆಳಗಾಯಿತು. ಅತ್ತೆ ಗೀರುಗೋಡೆಗೆ ಬೆನ್ನು ಕೊಟ್ಟು, ನಾಲ್ಕು ಸಲ ಉಜ್ಜಿ, ಹುರುಪು ತಂದುಕೊಂಡು, ಮೆಟ್ಟಿಲ ಕಡೆ ಮುಖ ಮಾಡಿ ಕೂಗಿದರು.

"ಏ ಚಿಕ್ಕವಳೇ! ಆ ತರಕಾರಿ ಬುಟ್ಟಿ ತಗೊಂಡು ಇಲ್ಲಿಗೇ ಬಾ. ಇಲ್ಲಿ ಕೂತು ಹೆಚ್ಚು, ನಾನು ನೋಡ್ತೀನಿ. ಅಲ್ಲಿ ಬಿಟ್ಟರೆ ಬೆರಳು ಹೆಚ್ಚಿ ಇಟ್ಟಿರ್ತೀಯ."

ಚಿಕ್ಕ ಸೊಸೆ ಬುಟ್ಟಿಯೊಡನೆ ಬಂದಳು. ಮಧ್ಯಾಹ್ನ ಮಡಿಸಬೇಕಾದ ಬಟ್ಟೆಯ ಗಂಟಿನೊಡನೆ ಬಂದಳು. ಸಂಜೆ ಹೊಲಿಯಬೇಕಾದ ಗುಂಡಿಗಳೊಡನೆ ಬಂದಳು. ಅತ್ತೆ ಆರಾಮಕುರ್ಚಿಯಲ್ಲಿ, ಚಿಕ್ಕ ಸೊಸೆ ಅವರ ಕಾಲ ಬಳಿ. "ಚಾಕು ಹಿಡಿಯೋದು ಹೀಗಲ್ಲ, ಅದೇನು ಬಾಚಣಿಗೇನಾ? ಅಂಗಿ ಮಡಿಸಿದ್ದೀಯೋ, ಅದಕ್ಕೆ ಕೈ ಮುರಿದು ಕೊಟ್ಟಿದೀಯೋ?" ಹುಡುಗಿ ಒಮ್ಮೊಮ್ಮೆ ಮೂಗೆಳೆಯುತ್ತಾ, ಒಮ್ಮೊಮ್ಮೆ ಕಿಸಕ್ಕೆಂದು ನಗುತ್ತಾ ಕಲಿಯುತ್ತಿದ್ದಳು. ಮೊದಲಾದರೆ ಚಾವಣಿಯ ಆಚೆಯಿಂದ ಅರ್ಧಂಬರ್ಧ ಕೇಳಿಸುತ್ತಿತ್ತು. ಈಗ ದೊಡ್ಡ ಸೊಸೆಯ ಸ್ವಂತ ಹಾಲಿನಲ್ಲಿ, ಅವಳೇ ಬೆರಳು ಸವೆಸಿ ಕೆರೆದ ಗೋಡೆಯ ಮುಂದೆ, ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಅವಳು ಇಬ್ಬರಿಗೂ ತಟ್ಟೆ ಲೋಟ ತಂದಿಡುತ್ತಾ, ತೆಗೆಯುತ್ತಾ ಓಡಾಡಿದಳು. ದಪ್ಪ ಬೀನ್ಸನ್ನು ಅತ್ತೆ ಮಾತಿಲ್ಲದೆ ತಿಂದರು.

ಅವಳು ಕೈಚೆಲ್ಲಿ ಕೂರುವವಳಲ್ಲ. ಪೊರಕೆಯನ್ನು ಹಾಲಿನ ನಡುವೆ ಅಡ್ಡ ಬಿಸಾಡಿದಳು. ಅತ್ತೆ ನೋಡಿ, "ಪಾಪ, ನಿನಗೂ ವಯಸ್ಸಾಗ್ತಾ ಬಂತು," ಎಂದು ಮೆಲ್ಲಗೆ ಎತ್ತಿ ಮೂಲೆಗಿಟ್ಟರು. ಆ ಮಾತು ಎದೆಗೆ ಮುಳ್ಳಿನಂತೆ ನಾಟಿತು. ಒದ್ದೆ ಬಟ್ಟೆಯನ್ನು ಕುರ್ಚಿಯ ಕೈಮೇಲೆ ಹರವಿದಳು. "ಬಿಸಿಲಿಗೆ ಹೋಗೋಕೆ ಆಗಲಿಲ್ವೇನೋ," ಎಂದರು ಅತ್ತೆ. ಕೊನೆಗೆ ಬ್ರಹ್ಮಾಸ್ತ್ರವನ್ನೇ ತೆಗೆದಳು. ಸಂಜೆಯ ಟೀಗೆ ಸಕ್ಕರೆಯ ಬದಲು ಉಪ್ಪು ಹಾಕಿ, ಒಂದು ಚಮಚ ಜಾಸ್ತಿಯೇ ಹಾಕಿ, ಕಲಕಿ, ಅತ್ತೆಯ ಕೈಗೆ ಲೋಟ ಕೊಟ್ಟು, ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಳು.

ಅತ್ತೆ ಒಂದು ಗುಟುಕು ಕುಡಿದರು. ಮುಖ ಕಿವುಚಿತು. ಹುಬ್ಬು ಮೇಲಕ್ಕೇರಿತು. ಕಣ್ಣು ಕೆಂಪಾಯಿತು. ಆ ಮುಖವನ್ನು ಕಂಡು ಎಷ್ಟು ದಿನವಾಗಿತ್ತು! ಅತ್ತೆ ಲೋಟವನ್ನು ಟಕ್ಕನೆ ಕೆಳಗಿಟ್ಟು, ಪಕ್ಕದ ಸ್ಟೂಲಿಗೆ ಸರಿದು ಬೆನ್ನನ್ನು ಗೋಡೆಗೆ ಒಮ್ಮೆ ಉಜ್ಜಿ, ಚಿಕ್ಕ ಸೊಸೆಯ ಕಡೆ ತಿರುಗಿದರು.

"ನೋಡಿದ್ಯಾ? ಇದು ನಿನ್ನ ಸಹವಾಸದ ಫಲ! ಇಪ್ಪತ್ತು ವರ್ಷ ಇವಳು ನನಗೆ ಒಂದು ದಿನ ಒಂದು ಮಾತು ಅನ್ನೋ ಹಾಗೆ ಮಾಡಿದವಳಲ್ಲ. ನೀನು ಬಂದು ಕೂತು ಎರಡು ದಿನ ಆಗಿಲ್ಲ, ಉಪ್ಪು ಯಾವುದು ಸಕ್ಕರೆ ಯಾವುದು ಮರೆತಳು!"

"ಅತ್ತೇ!" ದೊಡ್ಡ ಸೊಸೆ ಮುಂದೆ ಬಂದಳು. "ಉಪ್ಪು ಹಾಕಿದ್ದು ನಾನು! ಬೇಕು ಅಂತ ಹಾಕಿದ್ದು!"

"ನೀನು ಸುಮ್ನಿರಮ್ಮ, ಅವಳನ್ನ ವಹಿಸ್ಕೊಂಡು ಬರಬೇಡ. ನಿನ್ನ ಒಳ್ಳೇತನ ನನಗೆ ಗೊತ್ತಿಲ್ವಾ? ಹೋಗು, ಬೇರೆ ಟೀ ಮಾಡ್ಕೊಂಡು ಬಾ." ಅತ್ತೆ ಕೈ ಚಾಚಿ ಚಿಕ್ಕ ಸೊಸೆಯ ತಲೆಯನ್ನು ಒಮ್ಮೆ ಮೊಟಕಿ, ಹಾಗೇ ಸವರಿದರು. "ಇವಳಿಗೂ ಒಂದು ಲೋಟ ಕೊಡು. ಬೆಳಗಿಂದ ಬೈಸ್ಕೊಂಡು ಬೈಸ್ಕೊಂಡು ಸೊರಗಿ ಹೋಗಿದಾಳೆ."

ದೊಡ್ಡ ಸೊಸೆ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಸಕ್ಕರೆಯ ಡಬ್ಬಿ ತೆಗೆದಳು.